ಬೆಟ್ಟದ ಚಾಮುಂಡಿ, ಹೊಳೆದಂಡೆಯ ನಂಜುಂಡ

‘ದೇವೀ ಮಹಾತ್ಮ್ಯೆ’ಯಲ್ಲಿ ಮಹಿಷ ಸತ್ತ ಮೇಲೆ ದೇವತೆಗಳು ದೇವಿಯನ್ನು ಸ್ತುತಿಸುತ್ತಾರೆ, ಅವಳು ವರ ಕೊಟ್ಟು ಮರೆಯಾಗುತ್ತಾಳೆ. ಮೈಸೂರು ಸೀಮೆಯ ಹಾಡುಗಾರರಿಗೆ ಅಷ್ಟು ಸಾಲಲಿಲ್ಲ. ಯುದ್ಧ ಮುಗಿಸಿದ ಆ ಹೆಣ್ಣು ಆಮೇಲೆ ಏನು ಮಾಡಿದಳು? ಅವರ ಚಾಮುಂಡಿ ನಂಜನಗೂಡಿನ ನಂಜುಂಡನಿಗೆ ಮನಸ್ಸು ಕೊಟ್ಟಳು. ಹಾಡುವವರು ಬದಲಾದಂತೆ ಕಥೆಯ ವಿವರಗಳೂ ಬದಲಾಗುತ್ತವೆ. ಬದಲಾಗದ ಸಂಗತಿ ಒಂದಿದೆ: ನಂಜುಂಡ ಆಗಲೇ ಮದುವೆಯಾದವನು.

ಕಥನಗೀತೆಗಳನ್ನು ಓದುವ ನಾವು ಸಂಶೋಧಕರು ಇಂಥ ಹಾಡನ್ನು ‘ಪೌರಾಣಿಕ’ ಎಂಬ ಖಾನೆಗೆ ಹಾಕಿ ಸುಮ್ಮನಾಗುತ್ತೇವೆ. ನನಗೆ ಇದು ಮೊದಲು ಪ್ರೇಮದ ಹಾಡು, ಪುರಾಣ ಆಮೇಲಿನದು. ಎ.ಕೆ. ರಾಮಾನುಜನ್ ಕೂಡ ಜನಪದ ಪುರಾಣಗಳ ಬಗೆಗಿನ ತಮ್ಮ ಪ್ರಬಂಧದಲ್ಲಿ ಇದೇ ಚಾಮುಂಡಿಯನ್ನು ಎತ್ತಿಕೊಂಡರು. ಯುದ್ಧದಲ್ಲಿ ಅವಳಿಗೆ ತಂಗಿ ಉತ್ತನಹಳ್ಳಿಯಮ್ಮನ ನೆರವಿತ್ತು. ರಾಕ್ಷಸನ ರಕ್ತ ನೆಲಕ್ಕೆ ಬೀಳದಂತೆ ತಂಗಿ ನಾಲಿಗೆ ಚಾಚಿದಳು. ನಂಜುಂಡನ ವಿಷಯದಲ್ಲಿ ಯಾವ ತಂಗಿ ತಾನೇ ಏನು ಮಾಡಿಯಾಳು?

ಸ್ಪೇನಿನ ‘ರೊಮಾನ್ಸೆ’ ಎಂಬ ಹಳೆಯ ಲಾವಣಿಗಳಲ್ಲೂ ಇಂಥ ಹೆಂಗಸರಿದ್ದಾರೆ. ಎಂಟೆಂಟು ಉಚ್ಚಾರಾಂಶಗಳ ಸಾಲು, ನಡುವಿನಿಂದಲೇ ಶುರುವಾಗುವ ಮಾತುಕತೆ. ಎಷ್ಟೋ ಸಲ ಕಥೆ ಮುಗಿಯುವ ಮೊದಲೇ ಹಾಡು ನಿಂತುಬಿಡುತ್ತದೆ. ಅಲ್ಲಿ ಎದೆಯೊಡೆದವರು ಸಾಯುವುದುಂಟು. ಚಾಮುಂಡಿಗೆ ಆ ಅನುಕೂಲವೂ ಇಲ್ಲ. ದೇವತೆ ಸಾಯುವಂತಿಲ್ಲ, ಬೆಟ್ಟ ಬಿಟ್ಟು ಹೋಗುವಂತೆಯೂ ಇಲ್ಲ.

ನಾನಿರುವ ಬನಶಂಕರಿಯ ಗುಡಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ಸಿಪ್ಪೆಯಲ್ಲಿ ದೀಪ ಹಚ್ಚುವ ಹೆಂಗಸರ ಸಾಲು ಇರುತ್ತದೆ. ಮಗಳಿಗೆ ಗಂಡು ಸಿಗಲಿ, ಸಂಸಾರ ನೆಟ್ಟಗಾಗಲಿ ಎಂದು ಅವರು ಬೇಡುವುದು ಗರ್ಭಗುಡಿಯಲ್ಲಿ ಒಬ್ಬಳೇ ಕೂತ ದೇವಿಯನ್ನು. ಚಾಮುಂಡಿಯ ಹಾಡು ಓದಿದ ಮೇಲೆ ಆ ಸಾಲನ್ನು ನೋಡುವ ನನ್ನ ಕಣ್ಣು ಬೇರೆಯಾಗಿದೆ.

ಇದರಲ್ಲಿ ಚರಿತ್ರೆಯೂ ಇದೆ. ಚಾಮುಂಡಿ ಒಡೆಯರ ಮನೆದೇವತೆ. ಬೆಟ್ಟದ ಸಾವಿರ ಮೆಟ್ಟಿಲು 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಮಾಡಿಸಿದ್ದು. ನಂಜನಗೂಡಿನ ಏಳು ನೆಲೆಯ ಗೋಪುರವೂ ಅರಮನೆಯ ಕೊಡುಗೆಯೇ. ಹೀಗೆ ಒಂದೇ ಅರಮನೆ ಇಬ್ಬರನ್ನೂ ಪೂಜಿಸಿತು, ಆದರೆ ಅವರ ಪ್ರೀತಿಯನ್ನು ಒಪ್ಪುವ ವಿಧಿ ಯಾವ ಆಗಮದಲ್ಲಿದೆ? ಶ್ರೀಕಂಠೇಶ್ವರನ ಜೊತೆಗೆ ಪಾರ್ವತಿ ಇದ್ದಾಳೆ. ರಾಜರ ಕಾಲ ಮುಗಿದ ಮೇಲೆ ದಸರೆಯ ಚಿನ್ನದ ಅಂಬಾರಿಯಲ್ಲಿ ಚಾಮುಂಡಿಯೇ ಕೂತಳು. ಅಲ್ಲಿ ಅವಳು ನಾಡದೇವತೆ. ನಂಜುಂಡನನ್ನು ಬಯಸಿದ ಹೆಣ್ಣಾಗಿ ಅವಳಿಗೆ ಜಾಗ ಸಿಕ್ಕಿದ್ದು ಓದುಬರಹ ಬಾರದ ಹಾಡುಗಾರರ ಬಾಯಲ್ಲಿ ಮಾತ್ರ.

ನಂಜನಗೂಡಿನ ದೊಡ್ಡ ಜಾತ್ರೆಗೆ ಐದು ತೇರು ಎಳೆಯುತ್ತಾರೆ: ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ. ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಆಚೆಯ ಬೆಟ್ಟದವಳಿಗೆ ಅಲ್ಲಿ ತೇರಿಲ್ಲ.