ಅರುಷಾ ಪ್ರಣಾಳಿಕೆಯ ಮೂರನೆಯ ಪರಿಚ್ಛೇದ

1961ರ ಸೆಪ್ಟೆಂಬರಿನ ಅರುಷಾ ಪ್ರಣಾಳಿಕೆಯನ್ನು ಚರಿತ್ರೆಕಾರರು ಎರಡು ಬಗೆಯಲ್ಲಿ ಓದುತ್ತ ಬಂದಿದ್ದಾರೆ. ಭಕ್ತಿಯಿಂದ ಓದುವವರಿಗೆ ಅದು ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ವನ್ಯಜೀವಿಗಳನ್ನು ಉಳಿಸುವುದಾಗಿ ಟಾಂಗನಿಕದ ನಾಯಕ ಜೂಲಿಯಸ್ ನೈರೇರೆ ಕೊಟ್ಟ ವಚನ. ಗುಮಾನಿಯಿಂದ ಓದುವವರಿಗೆ ಅದು ಐರೋಪ್ಯ ಸಂರಕ್ಷಣಾವಾದಿಗಳು ಬರೆದು ನೈರೇರೆಯವರ ಬಾಯಲ್ಲಿ ಆಡಿಸಿದ ಮಾತು. ಎರಡೂ ಪಂಗಡಗಳು ಮೊದಲೆರಡು ಪರಿಚ್ಛೇದಗಳ ಮೇಲೆಯೇ ಕಾದಾಡಿ, ಮೂರನೆಯದನ್ನು ಸೌಜನ್ಯದ ಉಪಸಂಹಾರವೆಂದು ಬದಿಗಿಟ್ಟಿವೆ. ನನ್ನ ತಕರಾರು ಇರುವುದು ಅಲ್ಲಿ. (1967ರ ಅರುಷಾ ಘೋಷಣೆ ಬೇರೆಯೇ ದಸ್ತಾವೇಜು. ಎರಡನ್ನೂ ಕಲಸಿಬಿಟ್ಟ ಬರಹಗಳೂ ಇರುವುದರಿಂದ ಇದನ್ನು ಹೇಳಬೇಕಾಯಿತು.)

ಮೂರನೆಯ ಪರಿಚ್ಛೇದದ ತಾತ್ಪರ್ಯ ಇಷ್ಟು: ವನ್ಯಜೀವಿ ಸಂರಕ್ಷಣೆಗೆ ಪರಿಣತ ಜ್ಞಾನ, ತರಬೇತಾದ ಸಿಬ್ಬಂದಿ ಮತ್ತು ಹಣ ಬೇಕು, ಬೇರೆ ದೇಶಗಳು ಕೈಜೋಡಿಸಲಿ. ಸ್ವಾತಂತ್ರ್ಯಕ್ಕೆ ಮೂರು ತಿಂಗಳು ಬಾಕಿಯಿದ್ದ ಟಾಂಗನಿಕದ ಸರ್ಕಾರ ದಾನಿಗಳ ಮುಂದಿಟ್ಟ ಬೇಡಿಕೆಯ ಪಟ್ಟಿ ಇದು. ದಾನಿಗಳೂ ದೂರವಿರಲಿಲ್ಲ. ಪ್ರಣಾಳಿಕೆ ಹೊರಬಂದ ಅರುಷಾದ ಸಂರಕ್ಷಣಾ ಸಭೆ ಇನ್ನೂ ನಡೆಯುತ್ತಿದ್ದಾಗಲೇ, ಸೆಪ್ಟೆಂಬರ್ 11ರಂದು, ವಿಶ್ವ ವನ್ಯಜೀವಿ ನಿಧಿ ವಿಧ್ಯುಕ್ತವಾಗಿ ಸ್ಥಾಪನೆಯಾಯಿತು. ಅಮೆರಿಕದಲ್ಲಿ ರಸೆಲ್ ಟ್ರೇನ್ ಮತ್ತವರ ಸಂಗಡಿಗರು ಆಫ್ರಿಕನ್ ವೈಲ್ಡ್‌ಲೈಫ್ ಲೀಡರ್‌ಶಿಪ್ ಫೌಂಡೇಶನ್ ಕಟ್ಟಿದ್ದೂ ಅದೇ ವರ್ಷ. ಹೊರಗಿನವರೇ ಕರಡು ಬರೆದರೆಂಬ ಗುಮಾನಿಯವರ ವಾದವನ್ನು ಒಪ್ಪಿದರೂ ಮೂರನೆಯ ಪರಿಚ್ಛೇದದ ಬೆಲೆ ಕುಗ್ಗುವುದಿಲ್ಲ, ಹೆಚ್ಚುತ್ತದೆ: ದುಡ್ಡು ಕೊಡುವವರೇ ಕೇಳುವವನ ಅರ್ಜಿ ಬರೆದುಕೊಟ್ಟರೆಂದರೆ, ಅದರಲ್ಲಿರುವುದು ಅವರು ಕೊಡಲು ತಯಾರಿದ್ದುದರ ಪಟ್ಟಿ.

ಆ ಪಟ್ಟಿಯಲ್ಲಿ ಜ್ಞಾನ ಒಂದು ಬಾಬು, ಸಿಬ್ಬಂದಿ ಇನ್ನೊಂದು. ಹಣವೂ ಹಾಗೆಯೇ ಎರಡು ಕಾಲುವೆಯಲ್ಲಿ ಹರಿಯಿತು. 1963ರಲ್ಲಿ ಕಿಲಿಮಂಜಾರೋದ ತಪ್ಪಲಿನ ಮ್ವೆಕಾದಲ್ಲಿ ಆಫ್ರಿಕದ ಯುವಕರನ್ನು ವಾರ್ಡನ್‌ಗಳನ್ನಾಗಿ ತಯಾರು ಮಾಡುವ ಕಾಲೇಜು ತೆರೆಯಿತು. ಅಲ್ಲಿ ಸಿಗುತ್ತಿದ್ದುದು ಡಿಪ್ಲೊಮಾ, ಪದವಿಯಲ್ಲ. 1966ರಲ್ಲಿ ಸೆರೊನೆರಾದಲ್ಲಿ ಸೆರೆಂಗೆಟಿ ಸಂಶೋಧನಾ ಸಂಸ್ಥೆ ಎದ್ದಿತು. ಅಲ್ಲಿಗೆ ಸಿಂಹಗಳ ಅಧ್ಯಯನಕ್ಕೆ ಜಾರ್ಜ್ ಶಾಲರ್ ಬಂದರು. ಕತ್ತೆಕಿರುಬಗಳ ಬೆನ್ನು ಹತ್ತಿದವರು ಹಾನ್ಸ್ ಕ್ರೂಕ್, ಕಾಡೆಮ್ಮೆಗಳ ಹಿಂದೆ ಹೋದವರು ಟೋನಿ ಸಿಂಕ್ಲೇರ್. ಸಿಂಕ್ಲೇರ್ ಬೆಳೆದದ್ದು ಟಾಂಗನಿಕದಲ್ಲೇ ಆದರೂ ಡಾಕ್ಟರೇಟ್ ಆಕ್ಸ್‌ಫರ್ಡಿನದು. ಇವರ ವಿದ್ವತ್ತು ಪ್ರಶ್ನಾತೀತ. ನನ್ನ ಪ್ರಶ್ನೆ ಹಣಕ್ಕೆ ಸಂಬಂಧಿಸಿದ್ದು: ಮೂವತ್ತರ ಆಸುಪಾಸಿನ ಸಂಶೋಧಕನೊಬ್ಬನಿಗೆ ಒಂದೇ ಪ್ರಾಣಿಯ ಹಿಂದೆ ವರ್ಷಗಟ್ಟಲೆ ಅಲೆಯುವ ಸ್ವಾತಂತ್ರ್ಯ ಕೊಡಿಸಬಲ್ಲ ಅನುದಾನ ಯಾರ ಕೈಗೆ ಸಿಗುತ್ತಿತ್ತು?

ಈ ವಿಭಜನೆಗೆ ಒಬ್ಬ ಮನುಷ್ಯನ ವೃತ್ತಿಜೀವನವೇ ಸಾಕ್ಷಿ. ಹ್ಯೂ ಲ್ಯಾಂಪ್ರೆ ಮ್ವೆಕಾದ ಮೊದಲ ಪ್ರಾಂಶುಪಾಲರು. ಸೆರೆಂಗೆಟಿ ಸಂಸ್ಥೆಯ ಮೊದಲ ನಿರ್ದೇಶಕರೂ ಅವರೇ. ಪ್ರಾಂಶುಪಾಲರು ಕಾಲೇಜಿನಿಂದ ಸಂಶೋಧನಾಲಯಕ್ಕೆ ನಡೆದುಹೋದರು, ವಿದ್ಯಾರ್ಥಿಗಳಿಗೆ ಆ ದಾರಿ ಇರಲಿಲ್ಲ. ಅವರು ಹೋದದ್ದು ಉದ್ಯಾನಗಳ ಗಸ್ತಿಗೆ. ಲ್ಯಾಂಪ್ರೆಯವರನ್ನು ದೂರುವುದು ನನ್ನ ಉದ್ದೇಶವಲ್ಲ. ಮ್ವೆಕಾ ಇಲ್ಲದಿದ್ದರೆ ಆಫ್ರಿಕದ ವಾರ್ಡನ್‌ಗಳ ಒಂದು ಪೀಳಿಗೆಯೇ ಇರುತ್ತಿರಲಿಲ್ಲ.

ಇದಕ್ಕೆ ಎದುರಾಗಿ ಪೆರೆಜ್ ಒಲಿಂಡೊ ಅವರ ಹೆಸರನ್ನು ಮುಂದೊಡ್ಡುವುದು ವಾಡಿಕೆ. ಅವರು ಅಮೆರಿಕದಲ್ಲಿ ವನ್ಯಜೀವಿ ವಿಷಯ ಓದಿ ಕೀನ್ಯಾದ ರಾಷ್ಟ್ರೀಯ ಉದ್ಯಾನಗಳ ನಿರ್ದೇಶಕರಾದದ್ದು ನಿಜ. ಆದರೆ ಅದು ಆಡಳಿತದ ಕುರ್ಚಿ. ಓದಿದ ಆಫ್ರಿಕನ್ನನಿಗೆ ಕಡತ, ಹೊರಗಿನಿಂದ ಬಂದವನಿಗೆ ದುರ್ಬೀನು ಎಂಬ ಹಂಚಿಕೆಯನ್ನು ಈ ಉದಾಹರಣೆ ಅಲ್ಲಗಳೆಯುವುದಿಲ್ಲ, ದೃಢಪಡಿಸುತ್ತದೆ.

ಆಗ ಪದವೀಧರರೇ ಇರಲಿಲ್ಲ ಎಂಬ ಇನ್ನೊಂದು ಸಮಾಧಾನವೂ ಉಂಟು. ಟಾಂಗನಿಕದ ಮಟ್ಟಿಗೆ ಅದು ಅರ್ಧ ಸತ್ಯ. ದಾರ್ ಎಸ್ ಸಲಾಮಿನಲ್ಲಿ ವಿಜ್ಞಾನ ವಿಭಾಗ ಬಂದದ್ದು 1965ರಲ್ಲಿ. ಆದರೆ ಉಗಾಂಡದ ಮಕೆರೆರೆ ಅದಕ್ಕೂ ಮೊದಲೇ ಲಂಡನ್ ವಿಶ್ವವಿದ್ಯಾಲಯದ ಪದವಿಗಳಿಗೆ ವಿದ್ಯಾರ್ಥಿಗಳನ್ನು ತಯಾರು ಮಾಡುತ್ತಿತ್ತು. ಪದವೀಧರರು ವಿರಳ, ಒಪ್ಪೋಣ. ವಿರಳವಾದುದನ್ನು ಬೆಳೆಸಲೆಂದೇ ಅಲ್ಲವೆ ಶಿಷ್ಯವೇತನ ಇರುವುದು?

ಸೆರೆಂಗೆಟಿಯ ಆ ಸಂಸ್ಥೆಗೆ, ಸೆರೆಂಗೆಟಿ ವನ್ಯಜೀವಿ ಸಂಶೋಧನಾ ಸಂಸ್ಥೆ ಎಂಬ ಹೆಸರಿನಲ್ಲಿ, ಟಾಂಗನಿಕವೂ ಸೇರಿ ಆದ ತಾಂಜಾನಿಯದ ಸಂಸತ್ತು ಕಾಯ್ದೆಯ ತಳಹದಿ ಕೊಟ್ಟದ್ದು 1980ರಲ್ಲಿ. ಅಲ್ಲಿನ ತರುಣ ವಿಜ್ಞಾನಿಗಳ ಅನುದಾನದ ಚರಿತ್ರೆಯನ್ನು ಆ ಕಾಯ್ದೆಯಿಂದ ಶುರುಮಾಡುವವರು ಹತ್ತೊಂಬತ್ತು ವರ್ಷ ತಡವಾಗಿ ಶುರುಮಾಡುತ್ತಾರೆ. ಸಿಬ್ಬಂದಿಯ ಬಾಬು ಬೇರೆ, ಜ್ಞಾನದ ಬಾಬು ಬೇರೆ ಎಂದು ಬರೆದಾಗಿದ್ದು 1961ರಲ್ಲಿ, ಮೂರನೆಯ ಪರಿಚ್ಛೇದದಲ್ಲಿ.