ಬಣ್ಣ ಇದ್ದದ್ದು ಎಲ್ಲಿ? – ಹಳೆಯ ಮನೆಗಣಕಗಳು ಮತ್ತು ಅವುಗಳ ಮಾನಿಟರುಗಳು

ಗಣಕಯಂತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಪೆಟ್ಟಿಗೆಯೊಳಗಿನ ಚಿಪ್ಪಿನ ವಿಚಾರವನ್ನೇ ಬರೆಯುತ್ತಾರೆ. ಯಾವ ಯಂತ್ರ ಎಷ್ಟು ವೇಗದ್ದು, ಎಷ್ಟು ಸ್ಮೃತಿಯುಳ್ಳದ್ದು ಎಂಬ ಲೆಕ್ಕಗಳು ನಮಗೆ ಸುಲಭವಾಗಿ ದೊರೆಯುತ್ತವೆ. ಆದರೆ ಆ ಯಂತ್ರವನ್ನು ಯಾವ ಪರದೆಗೆ, ಯಾವ ತಂತಿಯಿಂದ ಜೋಡಿಸುತ್ತಿದ್ದರು ಎಂಬುದನ್ನು ಕೇಳುವವರು ಕಡಿಮೆ. ಮೂರು ದಶಕಗಳ ಕಾಲ ಭೌತಶಾಸ್ತ್ರ ಬೋಧಿಸಿದ ನನಗೆ ಈ ಪ್ರಶ್ನೆಯೇ ಹೆಚ್ಚು ಸ್ವಾರಸ್ಯಕರವಾಗಿ ಕಾಣುತ್ತದೆ. ಏಕೆಂದರೆ, 1977ರಿಂದ ಸುಮಾರು ಹತ್ತು ವರ್ಷಗಳ ಕಾಲ ಮನೆಗಣಕಗಳ ಬಣ್ಣವು ಯಂತ್ರದೊಳಗೂ ಪೂರ್ತಿಯಾಗಿರಲಿಲ್ಲ, ಪರದೆಯೊಳಗೂ ಪೂರ್ತಿಯಾಗಿರಲಿಲ್ಲ. ಅವೆರಡರ ನಡುವಿನ ಒಪ್ಪಂದದಲ್ಲಿತ್ತು.

ಮನೆಗಣಕ ಹುಟ್ಟಿದಾಗ ಅನೇಕ ಯಂತ್ರಗಳಿಗೆ ಸ್ವಂತ ಪರದೆ ಇರಲಿಲ್ಲ. ಮಾನಿಟರ್ ದುಬಾರಿ, ಟಿ.ವಿ. ಪೆಟ್ಟಿಗೆಯಾದರೋ ಅಮೆರಿಕ, ಬ್ರಿಟನ್‌ಗಳ ಮನೆಮನೆಯಲ್ಲೂ ಇತ್ತು. ಆದುದರಿಂದ ಗಣಕವನ್ನು ಒಂದು ಪುಟ್ಟ ಪ್ರಸಾರ ಕೇಂದ್ರವನ್ನಾಗಿ ಮಾಡಿದರು. ಚಿತ್ರದ ಸಂಕೇತವನ್ನು ಮಾಡ್ಯುಲೇಟರ್ ಎಂಬ ಡಬ್ಬಿಯು ಯಾವುದಾದರೊಂದು ಚಾನೆಲ್ಲಿನ ಅಲೆಯ ಮೇಲೇರಿಸುತ್ತಿತ್ತು, ಟಿ.ವಿ.ಯ ಆಂಟೆನಾ ಕಿಂಡಿಯ ಮೂಲಕ ಅದು ಒಳಹೋಗುತ್ತಿತ್ತು. ಬ್ರಿಟನ್ನಿನಲ್ಲಿ 1982ರಲ್ಲಿ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ 36ನೆಯ ಚಾನೆಲ್ಲಿನಲ್ಲಿ ಕಾಣಿಸಿಕೊಳ್ಳುತ್ತಿತ್ತು.

ಇಲ್ಲಿಯೇ ತೊಡಕು ಆರಂಭವಾಯಿತು. ವರ್ಣ ಟಿ.ವಿ.ಯ ವ್ಯವಸ್ಥೆಯನ್ನು ರೂಪಿಸಿದವರ ಮನಸ್ಸಿನಲ್ಲಿ ಗಣಕ ಇರಲಿಲ್ಲ. 1953ರಲ್ಲಿ ಅಮೆರಿಕ ಅಂಗೀಕರಿಸಿದ ಎನ್‌ಟಿಎಸ್‌ಸಿ ಪದ್ಧತಿಗೆ ಒಂದು ಕಟ್ಟುಪಾಡಿತ್ತು: ಜನರ ಬಳಿ ಆಗಲೇ ಇದ್ದ ಕಪ್ಪು-ಬಿಳುಪಿನ ಪೆಟ್ಟಿಗೆಗಳು ನಿರುಪಯುಕ್ತವಾಗಬಾರದು. ಆದ್ದರಿಂದ ಪ್ರಕಾಶದ ಸಂಕೇತವನ್ನು ಮೊದಲಿನಂತೆಯೇ ಉಳಿಸಿಕೊಂಡು, ಬಣ್ಣದ ವಿವರವನ್ನು ಸುಮಾರು 3.58 ಮೆಗಾಹರ್ಟ್ಸ್‌ನ ಉಪವಾಹಕ ಅಲೆಯೊಂದರ ಮೇಲೆ ಕೂರಿಸಿ ಅದರೊಳಗೇ ಸೇರಿಸಿದರು. ಹಾಲಿಗೆ ನೀರು ಬೆರೆಸಿದಂತೆ ಇದು. ಬೆರೆಸುವುದು ಸುಲಭ, ಬೇರ್ಪಡಿಸುವುದು ಕಷ್ಟ. ಮನುಷ್ಯರ ಮುಖ, ಮರಗಿಡಗಳನ್ನು ತೋರಿಸುವಾಗ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಆದರೆ ಗಣಕವು ತೋರಿಸಬೇಕಾದದ್ದು ಅಕ್ಷರಗಳನ್ನು. ಅಕ್ಷರದ ಅಂಚು ಚೂಪಾದಷ್ಟೂ ಟಿ.ವಿ.ಯು ಅದನ್ನು ಬಣ್ಣವೆಂದು ತಪ್ಪಾಗಿ ತಿಳಿಯುತ್ತದೆ. ಒಂದು ಸಾಲಿಗೆ 40 ಅಕ್ಷರಗಳಾದರೆ ಓದಬಹುದಿತ್ತು. 80 ಅಕ್ಷರಗಳಾದರೆ ಮಸುಕು.

ಈ ದೋಷವನ್ನೇ ಗುಣವನ್ನಾಗಿಸಿಕೊಂಡವರು ಸ್ಟೀವ್ ವೋಜ್ನಿಯಾಕ್. 1977ರ ಆ್ಯಪಲ್ 2 ಯಂತ್ರದಲ್ಲಿ ಅವರು ಬಿಳಿಯ ಚುಕ್ಕೆಗಳನ್ನು ಉಪವಾಹಕ ಅಲೆಯ ತಾಳಕ್ಕೆ ಸರಿಯಾಗಿ ಇಡುವಂತೆ ಮಾಡಿದರು. ಚುಕ್ಕೆ ಇಷ್ಟು ಆಚೆಗಿದ್ದರೆ ಟಿ.ವಿ. ಅದನ್ನು ಹಸಿರೆಂದು ತಿಳಿಯುತ್ತಿತ್ತು, ಅಷ್ಟು ಈಚೆಗಿದ್ದರೆ ನೇರಳೆಯೆಂದು. ಅದೇ ಚಿತ್ರವನ್ನು ಕಪ್ಪು-ಬಿಳುಪು ಮಾನಿಟರಿನಲ್ಲಿ ನೋಡಿದರೆ ಬರಿಯ ಗೆರೆಗಳು! ಯುರೋಪಿನಲ್ಲಿಯೂ ಈ ಜಾಣ್ಮೆ ನಡೆಯಲಿಲ್ಲ. ಅಲ್ಲಿನ ಪಾಲ್ ಪದ್ಧತಿಯ ಉಪವಾಹಕ ಸುಮಾರು 4.43 ಮೆಗಾಹರ್ಟ್ಸ್‌ನದು. ಹೀಗಾಗಿ ಆ್ಯಪಲ್ 2ರ ಯುರೋಪಿಯನ್ ಮಾದರಿಗೆ ಬಣ್ಣ ಬೇಕಾದರೆ ಪ್ರತ್ಯೇಕ ಕಾರ್ಡನ್ನು ಸೇರಿಸಬೇಕಾಗಿತ್ತು. 1982ರಲ್ಲಿ ವರ್ಣ ಪ್ರಸಾರವನ್ನು ಆರಂಭಿಸಿದ ನಮ್ಮ ದೂರದರ್ಶನವೂ ಪಾಲ್ ಪದ್ಧತಿಯನ್ನೇ ಅನುಸರಿಸಿತೆಂಬುದನ್ನು ಇಲ್ಲಿ ನೆನೆಯಬಹುದು.

ಬೆರೆತದ್ದನ್ನು ಬೇರ್ಪಡಿಸುವುದು ಕಷ್ಟವಾದರೆ, ಬೆರೆಸದಿರುವುದೇ ಮೇಲಲ್ಲವೆ? ಮುಂದಿನ ಹೆಜ್ಜೆಗಳೆಲ್ಲ ಈ ವಿಚಾರದಿಂದ ಹುಟ್ಟಿದವು. 1982ರ ಕಮೊಡೋರ್ 64 ಯಂತ್ರಕ್ಕಾಗಿ ಆ ಕಂಪನಿ ಮಾರಿದ 1702 ಎಂಬ ಮಾನಿಟರಿನಲ್ಲಿ ಪ್ರಕಾಶಕ್ಕೆ ಒಂದು ತಂತಿ, ವರ್ಣಕ್ಕೆ ಇನ್ನೊಂದು ತಂತಿ. ಆಡಿದವರಿಗೆ ಅಕ್ಷರಗಳು ಒಮ್ಮೆಲೇ ತೊಳೆದಂತೆ ಕಂಡವು.

ಇನ್ನೂ ಮುಂದೆ ಹೋದದ್ದು ಬ್ರಿಟನ್ನಿನ ಏಕಾರ್ನ್ ಕಂಪನಿ. 1981ರ ಡಿಸೆಂಬರಿನಲ್ಲಿ ಬಂದ ಅದರ ಬಿಬಿಸಿ ಮೈಕ್ರೋ ಯಂತ್ರದ ಬಿ ಮಾದರಿಯ ಬೆನ್ನಿನಲ್ಲಿ ಮೂರು ಕಿಂಡಿಗಳಿದ್ದವು: ಟಿ.ವಿ.ಗೆ ಒಂದು, ಮಾಮೂಲಾಗಿ ಕಪ್ಪು-ಬಿಳುಪನ್ನಷ್ಟೇ ಕೊಡುತ್ತಿದ್ದ ವಿಡಿಯೋ ಕಿಂಡಿ ಇನ್ನೊಂದು, ಆರು ಪಿನ್ನುಗಳ ಆರ್‌ಜಿಬಿ ಕಿಂಡಿ ಮತ್ತೊಂದು. ಈ ಮೂರನೆಯದರಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ತಂತಿ. ಪ್ರತಿ ತಂತಿಗೂ ಎರಡೇ ಸ್ಥಿತಿ, ಇದೆ ಅಥವಾ ಇಲ್ಲ. ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ಆದುದರಿಂದ ಎಂಟೇ ಬಣ್ಣಗಳು. ಕೆಂಪು ಹಸಿರು ಸೇರಿ ಹಳದಿ, ಮೂರೂ ಸೇರಿ ಬಿಳುಪು. ಬೆಳಕಿನ ಪಾಠಕ್ಕೆ ಇದಕ್ಕಿಂತ ಉತ್ತಮ ಉಪಕರಣ ಯಾವುದಿದೆ? ಬ್ರಿಟನ್ನಿನ ಶಾಲೆಗಳಲ್ಲಿ ಈ ಯಂತ್ರದ ಜತೆಗೆ ಬ್ರಾಡ್‌ಫರ್ಡಿನ ಮೈಕ್ರೋವಿಟೆಕ್ ಕಂಪನಿಯ ಕಬ್ ಎಂಬ, ಲೋಹದ ಕವಚದ ಮಾನಿಟರ್ ಮನೆಮಾತಾಗಿತ್ತು. ಭಾರತದಲ್ಲಿ 1984-85ರಲ್ಲಿ ಆರಂಭವಾದ ಕ್ಲಾಸ್ ಎಂಬ ಶಾಲಾ ಗಣಕ ಶಿಕ್ಷಣ ಯೋಜನೆಗೆ ಆಯ್ದುಕೊಂಡದ್ದೂ ಬಿಬಿಸಿ ಮೈಕ್ರೋವನ್ನೇ.

ಮಾನಿಟರೂ ಬಣ್ಣದ ಕರ್ತೃವೆಂಬುದಕ್ಕೆ ಐಬಿಎಂ ಒಳ್ಳೆಯ ನಿದರ್ಶನ. 1981ರ ಐಬಿಎಂ ಪಿಸಿಯ ವರ್ಣ ಕಾರ್ಡಿನಲ್ಲಿ ಮೂರು ಬಣ್ಣಗಳ ಜತೆಗೆ ಹೊಳಪಿಗೆಂದು ನಾಲ್ಕನೆಯ ತಂತಿಯಿತ್ತು. ಒಟ್ಟು 16 ಬಣ್ಣಗಳು. ಆದರೆ ಆ ಕಂಪನಿಯ ಸ್ವಂತ ವರ್ಣ ಮಾನಿಟರ್ 5153 ಬಂದದ್ದು 1983ರಲ್ಲಿ. ಲೆಕ್ಕದ ಪ್ರಕಾರ ಮಂದ ಕೆಂಪು, ಮಂದ ಹಸಿರು ಸೇರಿದರೆ ಕಳೆಗುಂದಿದ ಹಳದಿ ಬರಬೇಕು. ಆ ಮಾನಿಟರಿನೊಳಗಿನ ಒಂದು ಮಂಡಲವು ಅಂಥ ಸಂಕೇತ ಬಂದಾಗ ಹಸಿರನ್ನು ತಗ್ಗಿಸಿ ಅದನ್ನು ಕಂದು ಬಣ್ಣವನ್ನಾಗಿ ಮಾಡುತ್ತಿತ್ತು. ಗಣಕ ಕಳುಹಿಸಿದ್ದು ಹಳದಿ, ಜನ ಕಂಡದ್ದು ಕಂದು! ಈ ವ್ಯವಸ್ಥೆಯಿಲ್ಲದ ಬೇರೆ ಮಾನಿಟರಿಗೆ ಜೋಡಿಸಿದರೆ ಅದೇ ಚಿತ್ರದ ಬಣ್ಣವೇ ಬೇರೆ.

ಹೊಂದಿಕೆಯೆಂದರೆ ಪಿನ್ನು ಕಿಂಡಿಗೆ ಹೊಂದುವುದಲ್ಲವೆಂಬುದನ್ನು ಈ ಚರಿತ್ರೆ ಮತ್ತೆ ಮತ್ತೆ ಹೇಳುತ್ತದೆ. ಪಾಲ್ ಪದ್ಧತಿಯಲ್ಲಿ 625 ಗೆರೆಗಳ 25 ಚಿತ್ರಗಳು ಸೆಕೆಂಡಿಗೆ ಮೂಡುತ್ತವೆ. ಗುಣಿಸಿದರೆ 15,625; ಅಂದರೆ ಸುಮಾರು 15.6 ಕಿಲೋಹರ್ಟ್ಸ್. ಆ ಕಾಲದ ಮನೆಗಣಕಗಳೆಲ್ಲ ಹೆಚ್ಚುಕಡಿಮೆ ಈ ತಾಳಕ್ಕೇ ನಡೆದವು. 1985ರಲ್ಲಿ ಬಂದ, 4096 ಬಣ್ಣಗಳಿಂದ ಆಯ್ದುಕೊಳ್ಳಬಲ್ಲ ಅಮಿಗ ಕೂಡ ಇದನ್ನು ಬಿಡಲಿಲ್ಲ. ಆದರೆ ಅದರ ತಂತಿಗಳಲ್ಲಿ ‘ಇದೆ-ಇಲ್ಲ’ ಎಂಬುದರ ಬದಲು ವೋಲ್ಟೇಜಿನ ಏರಿಳಿತವಿತ್ತು. ಆದ್ದರಿಂದ ಬಿಬಿಸಿಯ ಮಾನಿಟರುಗಳೆಲ್ಲ ಅಮಿಗಕ್ಕೆ ಸಲ್ಲುತ್ತಿರಲಿಲ್ಲ. 1987ರಲ್ಲಿ ಐಬಿಎಂ ತಂದ ವಿಜಿಎ ಈ ತಾಳವನ್ನೇ ಇಮ್ಮಡಿಗೊಳಿಸಿ 31.5 ಕಿಲೋಹರ್ಟ್ಸ್‌ಗೆ ಏರಿಸಿತು. ಅಂದಿನಿಂದ ಹಳೆಯ ಯಂತ್ರಕ್ಕೂ ಸಾಮಾನ್ಯ ಹೊಸ ಮಾನಿಟರಿಗೂ ಮಾತು ನಿಂತಿತು. ತಂತಿಯನ್ನು ಹೇಗೆ ಬೆಸೆದರೂ ಚಿತ್ರ ನಿಲ್ಲದು. ಈ ತಲೆನೋವನ್ನು ಮೊದಲೇ ತಪ್ಪಿಸಿದ್ದು 1984ರ ಆ್ಯಮ್‌ಸ್ಟ್ರಾಡ್ ಸಿಪಿಸಿ 464. ಗಣಕ, ಮಾನಿಟರ್ ಒಟ್ಟಿಗೇ ಮಾರಾಟ. ಗಣಕಕ್ಕೆ ವಿದ್ಯುತ್ತು ಬರುತ್ತಿದ್ದುದೂ ಮಾನಿಟರಿನಿಂದಲೇ.

ಇದೆಲ್ಲ ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ಇಂದು ಬ್ರಿಟನ್ನಿನಲ್ಲಿ ಬ್ಲೆಚ್ಲಿ ಪಾರ್ಕಿನ ಗಣಕ ವಸ್ತುಸಂಗ್ರಹಾಲಯದಂಥ ಸಂಸ್ಥೆಗಳು, ಅನೇಕ ಹವ್ಯಾಸಿಗಳು ಈ ಯಂತ್ರಗಳನ್ನು ಜೀವಂತವಾಗಿ ಉಳಿಸಿಕೊಂಡಿದ್ದಾರೆ. ಮೊದಲು ಬಿಬಿಸಿ ಮೈಕ್ರೋಗೆಂದೇ ರೂಪುಗೊಂಡ, ರಾಸ್ಪ್‌ಬೆರಿ ಪೈ ಬಳಸುವ ಆರ್‌ಜಿಬಿ-ಟು-ಎಚ್‌ಡಿಎಂಐ ಎಂಬ ಪುಟ್ಟ ಸಾಧನವು ಹಳೆಯ ಸಂಕೇತವನ್ನು ಇಂದಿನ ಚಪ್ಪಟೆ ಪರದೆಗೆ ಚೊಕ್ಕವಾಗಿ ತಲುಪಿಸುತ್ತದೆ. ಆದರೆ ಚೊಕ್ಕವಾದುದೆಲ್ಲ ಸತ್ಯವೆ? ಆ್ಯಪಲ್ 2ರ ಚಿತ್ರವನ್ನು ರಚಿಸಿದವನು ಟಿ.ವಿ.ಯ ಮಸುಕನ್ನು ಲೆಕ್ಕಕ್ಕೆ ಹಿಡಿದೇ ರಚಿಸಿದ್ದನು. ಆ ಮಸುಕನ್ನು ಒರೆಸಿಬಿಟ್ಟರೆ ನಾವು ನೋಡುವುದು ಅವನು ಬರೆದ ಚಿತ್ರವನ್ನಲ್ಲ. ಬಿಬಿಸಿಯ ಎಂಟು ಬಣ್ಣಗಳಿಗಾದರೋ ಈ ಚೊಕ್ಕತನವೇ ನ್ಯಾಯ. ಯಾವ ಯಂತ್ರಕ್ಕೆ ಯಾವುದು ನ್ಯಾಯವೆಂದು ಅರಿಯಬೇಕಾದರೆ ಪರದೆಯ ಚರಿತ್ರೆಯೂ ನಮಗೆ ಗೊತ್ತಿರಬೇಕು.

ನಮ್ಮ ದೇಶದಲ್ಲಿಯೂ ಶಾಲೆಗಳ ಉಗ್ರಾಣದಲ್ಲಿ, ಮನೆಗಳ ಅಟ್ಟದ ಮೇಲೆ ಅಂದಿನ ಕೆಲವು ಯಂತ್ರಗಳು ಉಳಿದಿರಬಹುದು. ಭಾರದ ಗಾಜಿನ ಮಾನಿಟರನ್ನು ಗುಜರಿಗೆ ಕೊಟ್ಟು ಗಣಕವನ್ನಷ್ಟೇ ನೆನಪಿಗೆ ಇಟ್ಟುಕೊಳ್ಳೋಣವೆಂದು ಯಾರಿಗಾದರೂ ತೋರುವುದು ಸಹಜ. ಓದುಗ ಮಿತ್ರರಲ್ಲಿ ನನ್ನ ವಿನಂತಿಯಿಷ್ಟೆ: ದಯವಿಟ್ಟು ಎರಡನ್ನೂ, ನಡುವಿನ ಕೇಬಲನ್ನೂ ಒಟ್ಟಿಗೆ ಇಡಿ. ಮಾನಿಟರಿನ ಹಿಂಬದಿಯನ್ನು ಮಾತ್ರ ತಿಳಿದವರಲ್ಲದೆ ಬೇರಾರೂ ಬಿಚ್ಚಬಾರದು. ಸಾವಿರಾರು ವೋಲ್ಟುಗಳ ವಿದ್ಯುತ್ತು ಸ್ವಿಚ್ಚು ಆರಿಸಿದ ಮೇಲೂ ಅದರಲ್ಲಿ ಉಳಿದಿರಬಹುದು. ವೀಣೆಯನ್ನು ಉಳಿಸಿಕೊಂಡು ತಂತಿಯನ್ನು ಎಸೆದವನಿಗೆ ನಾದದ ಚರಿತ್ರೆ ದಕ್ಕುವುದಿಲ್ಲ.