ನಮಗೆಲ್ಲ ಅರ್ಧ ತುರ್ಕಿ ಬರುತ್ತೆ ಕಣ್ರೀ!

"ಹೆಸಾಪ್" ಅಂದರೆ ಏನು ಹೇಳಿ ನೋಡೋಣ. "ಜೆಪ್"? "ಶಿಶೆ"? "ಸಾಬುನ್"?

ಲೆಕ್ಕ, ಜೇಬು, ಸೀಸೆ, ಸಾಬೂನು ಅಂತ ನಿಮಗಾಗಲೇ ಹೊಳೆದಿರುತ್ತೆ. ಇವೆಲ್ಲ ಟರ್ಕಿ ದೇಶದಲ್ಲಿ ಇವತ್ತು ಜನ ದಿನಾ ಆಡುವ ಮಾತುಗಳು. (2022ರಿಂದ ವಿಶ್ವಸಂಸ್ಥೆಯಲ್ಲಿ ಆ ದೇಶದ ಹೆಸರು 'ತುರ್ಕಿಯೆ'. ನನಗೆ ಮಾತ್ರ ಟರ್ಕಿ ಅಂತಲೇ ನಾಲಿಗೆ ಹೊರಳೋದು.)

ಈ ಹುಚ್ಚು ನನಗೆ ಹತ್ತಿದ್ದು ಪಕ್ಕದ ಮನೆ ಹುಡುಗಿಯಿಂದ. ಅವಳ ಕಾಲೇಜಿನಿಂದ ಒಂದು ಸೆಮಿಸ್ಟರಿಗೆ ಅಂಕಾರಾಕ್ಕೆ ಕಳಿಸ್ತಿದಾರೆ. ಅಲ್ಲಿನ ಮಧ್ಯಪ್ರಾಚ್ಯ ತಾಂತ್ರಿಕ ವಿಶ್ವವಿದ್ಯಾಲಯ 1956ರಲ್ಲಿ ಶುರುವಾದದ್ದು, ಪಾಠವೆಲ್ಲ ಇಂಗ್ಲಿಷಿನಲ್ಲೇ. ಆದರೆ ಗೇಟಿನ ಆಚೆ? "ಅಂಕಲ್, ತರಕಾರಿ ತಗೊಳೋಕೆ, ಬಸ್ ಕೇಳೋಕೆ ನಾಲ್ಕು ಮಾತು ಬೇಕು, ನೀವು ಇದೆಲ್ಲ ಓದ್ತೀರಲ್ಲ" ಅಂದಳು. ಓದ್ತೀನಿ ಅನ್ನೋದು ದೊಡ್ಡ ಮಾತು. ಆದರೂ ಕೂತು ಪಟ್ಟಿ ಮಾಡೋಕೆ ಹೊರಟರೆ ಪಟ್ಟಿ ನಿಲ್ಲಲೇ ಇಲ್ಲ.

ಲಿಂಗರಾಜಪುರದಲ್ಲಿ ಇರೋರಿಗೆ ಇದು ಇನ್ನೂ ಸುಲಭ. ಮನೆಯಲ್ಲಿ ಕನ್ನಡ, ಎದುರು ಮನೆಯಲ್ಲಿ ತಮಿಳು, ಮೂಲೆ ಅಂಗಡಿ ಸಾಹೇಬರದ್ದು ದಖನಿ. ಆ ಅಂಗಡಿಯೊಳಗೆ ಕಣ್ಣಾಡಿಸಿದರೆ ಸಾಕು: ಬಾದಾಮಿ (ಬಾದೆಮ್), ಅಂಜೂರ (ಇಂಜಿರ್), ಪನೀರು (ಪೆಯ್ನಿರ್), ಶರಬತ್ತು (ಶೆರ್ಬೆತ್), ಹಲ್ವಾ (ಹೆಲ್ವಾ). ಅಂಗಡಿಗೇ ಅಲ್ಲಿ 'ದುಕ್ಕಾನ್'. ಕಾಗದ 'ಕ್ಯಾತ್', ಪುಸ್ತಕ 'ಕಿತಾಪ್', ಉತ್ತರ 'ಜೆವಾಪ್', ಮೈದಾನ 'ಮೆಯ್ದಾನ್'. ಮೈಸೂರಿನವರ ಮೊಹಲ್ಲಾ ಅಲ್ಲಿ 'ಮಹಲ್ಲೆ'. ನಮ್ಮಜ್ಜಿ ಚಪ್ಪಲಿಗೆ ಪಾಪಾಸು ಅನ್ನೋರು, ಅದು 'ಪಾಬುಚ್'. ಮೊಬೈಲ್ ಫೋನಿಗೆ ಅವರು 'ಜೆಪ್ ತೆಲೆಫೋನು' ಅಂತಾರೆ. ಅಂದರೆ ಜೇಬಿನ ಫೋನು! ಎಷ್ಟು ಚೆನ್ನಾಗಿದೆ, ಅಲ್ವಾ? ಮಾನವ ಹಕ್ಕುಗಳಿಗೆ 'ಇನ್ಸಾನ್ ಹಕ್‌ಲಾರಿ'. ಹಕ್ಕು ಅನ್ನೋದನ್ನ ನಾವು ಅಚ್ಚ ಕನ್ನಡ ಅಂತಲೇ ನಂಬಿ ಘೋಷಣೆ ಕೂಗ್ತೀವಿ. ಅದು ಅರಬ್ಬಿಯಿಂದ ನಮಗೂ ಬಂತು, ಅವರಿಗೂ ಹೋಯ್ತು.

ಎಲ್ಲೆಲ್ಲಿ ಮುಗ್ಗರಿಸಬಹುದು ಅಂತಲೂ ಅವಳಿಗೆ ಹೇಳಿದೆ. ನಮ್ಮ 'ಜೋರು' ಅಲ್ಲಿ 'ಜೋರ್', ಆದರೆ ಅರ್ಥ 'ಕಷ್ಟ'. 'ತಮಾಮು' ನಮಗೆ ಎಲ್ಲಾ, ಅವರಿಗೆ 'ತಮಾಮ್' ಅಂದರೆ 'ಸರಿ, ಆಯ್ತು'. 'ಪಜಾರ್' ಬಜಾರೂ ಹೌದು, ಭಾನುವಾರವೂ ಹೌದು. ತಾರೀಖು ನಮಗೆ ಕ್ಯಾಲೆಂಡರಿನ ದಿನ, ಅವರ 'ತಾರಿಹ್' ದಿನಾಂಕವೂ ಆಗುತ್ತೆ, ಇತಿಹಾಸವೂ ಆಗುತ್ತೆ. ಇವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು 'ಮಿಸಾಫಿರ್'. ನಮಗೆ ಮುಸಾಫಿರ ಅಂದರೆ ದಾರಿಹೋಕ, ಮುಸಾಫಿರಖಾನೆಯಲ್ಲಿ ಮಲಗಿ ಎದ್ದು ಹೋಗೋನು. ಅವರಿಗೆ ಅದೇ ಪದ ಮನೆಗೆ ಬಂದ ಅತಿಥಿ.

ಈಗ ಒಂದು ತಕರಾರು. ಮೇಲಿನವೆಲ್ಲ ನಿಜಕ್ಕೂ ತುರ್ಕಿ ಪದಗಳಲ್ಲ, ಅರಬ್ಬಿ-ಪಾರಸಿಯವು. ಅವರೂ ಸಾಲ ತಂದರು, ನಾವೂ ತಂದೆವು. ಹಾಗಾದರೆ ಅಪ್ಪಟ ತುರ್ಕಿ ಮೂಲದ್ದು ಕನ್ನಡದಲ್ಲಿ ಏನೂ ಇಲ್ವಾ? ಇದೆ, ಮತ್ತು ಅದರಲ್ಲಿ ಹೆಚ್ಚಿನದು ಬೆಂಕಿ, ಮದ್ದು, ದಂಡಿನದು. ಚಕಮಕಿ ಕಲ್ಲು ಗೊತ್ತಲ್ಲ, ತುರ್ಕಿಯಲ್ಲಿ 'ಚಕ್ಮಕ್' ಅಂದರೆ ಕಿಡಿ ಹೊಡೆಯೋದು, ಇವತ್ತು ಸಿಗರೇಟ್ ಲೈಟರಿಗೂ ಅದೇ ಹೆಸರು. ತೋಪು ಹಾರಿಸೋದು, ತೋಪಖಾನೆ ಅಂತೀವಲ್ಲ, ಆ 'ತೋಪ್' ತುರ್ಕಿಯದ್ದು. ಇಸ್ತಾಂಬುಲ್‌ನ ಪ್ರಸಿದ್ಧ ಅರಮನೆ ತೋಪ್‌ಕಾಪಿ ಅಂದರೆ ತೋಪಿನ ಬಾಗಿಲು. ಉರ್ದು ಭಾಷೆಯ ಹೆಸರೇ ತುರ್ಕಿಯ 'ಓರ್ದು', ಅರ್ಥ ಸೈನ್ಯ. ಖಜಾಂಚಿ, ಬಾಬರ್ಚಿಗಳ ಬಾಲದ 'ಚಿ' ಅವರದ್ದೇ. ಅಲ್ಲಿ ಚಹಾ ಮಾರೋನು 'ಚಾಯ್ಜಿ'. ಖಾನ್, ಬೇಗಂ ಅವರವು, ಕೊನೆಗೆ ಹೋಟೆಲಿನಲ್ಲಿ ಪರೋಟಾ ಜೊತೆ ಕೊಡುವ ಕುರ್ಮಾ ಕೂಡ ಅವರ 'ಕವುರ್ಮಾ'.

ಇವು ಬಂದ ದಾರಿ ನಮ್ಮ ಉತ್ತರ ಕರ್ನಾಟಕದ್ದೇ. ಬಹಮನಿಗಳ ಕಾಲದಿಂದ ಇರಾನ್, ಮಧ್ಯ ಏಷ್ಯಾ, ಟರ್ಕಿಗಳಿಂದ ಜನ ಕಲಬುರಗಿ, ಬೀದರಿಗೆ ಕೆಲಸ ಹುಡುಕಿಕೊಂಡು ಬರ್ತಿದ್ದರು. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಇರಾನಿನ ಗೀಲಾನಿನವನು. ಬಿಜಾಪುರದ ಆದಿಲಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಖಾನ್ ಆಟೊಮನ್ ಸುಲ್ತಾನನ ಮಗನೇ ಅಂತ ಚರಿತ್ರೆಕಾರ ಫರಿಶ್ತಾ ಒಂದು ರೋಚಕ ಕಥೆ ಬರೆದಿಟ್ಟಿದ್ದಾನೆ. ಮಗು ಕೊಲೆಯಾಗದಂತೆ ತಾಯಿ ಬಚ್ಚಿಟ್ಟು ಪಾರು ಮಾಡಿದಳಂತೆ. ನನಗೆ ನಂಬಿಕೆ ಇಲ್ಲ, ರಾಜನಾದ ಮೇಲೆ ವಂಶವೃಕ್ಷ ಬೆಳೆಸೋದು ಎಲ್ಲಾ ಕಡೆ ನಡೆದದ್ದೇ. ಆದರೆ ಬಿಜಾಪುರದ ಮಲಿಕ್-ಇ-ಮೈದಾನ್ ತೋಪು ಕಥೆಯಲ್ಲ, ಕಣ್ಣೆದುರಿಗಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಅದನ್ನ ಎರಕ ಹೊಯ್ದವನ ಹೆಸರಿನ ಕೊನೆಗೆ 'ರೂಮಿ' ಅಂತಿದೆ. ರೂಮ್ ಅಂದರೆ ಆಗ ಟರ್ಕಿ ಸೀಮೆ. ತೋಪು ಮಾಡೋನು ಬಂದ ಮೇಲೆ ತೋಪಿನ ಹೆಸರೂ ಬರದೇ ಇರುತ್ತಾ?

ಪದಗಳು ಹೀಗೆ ಬಂದು ನಮ್ಮ ಮನೆಯವೇ ಆದವು. ಮನುಷ್ಯರ ವಿಷಯದಲ್ಲಿ ನಾವು ಅಷ್ಟು ಧಾರಾಳಿಗಳಲ್ಲ. ನಮ್ಮ ಬೀದಿಯ ಒಂದು ಮಹಡಿ ಮನೆಯಲ್ಲಿ ಸುಡಾನಿನ ಹುಡುಗನೊಬ್ಬ ಬಾಡಿಗೆಗಿದ್ದ. ಇಲ್ಲಿಂದ ಕಮ್ಮನಹಳ್ಳಿ, ಹೆಣ್ಣೂರು ರಸ್ತೆಯವರೆಗೆ ಇಂಥ ವಿದ್ಯಾರ್ಥಿಗಳು ಬಹಳ. ಮೂರು ವರ್ಷದಲ್ಲಿ ನಾವು ಅವನಿಗೆ ಕಲಿಸಿದ ಕನ್ನಡ ಅಂದರೆ ಬಾಡಿಗೆ, ನೀರು, ಗಲಾಟೆ. ಒಂದು ರಾತ್ರಿ ಓನರ್ರು ಕೆಳಗಿಂದ "ಮನೆ ಖಾಲಿ ಮಾಡು" ಅಂತ ಕೂಗಾಡಿದರು. ಅವನ ಸ್ನೇಹಿತರು ಬಂದು ಅಡುಗೆ ಮಾಡಿದ್ದೇ ಅಪರಾಧ. ಮಾರನೆ ದಿನ ಅಂಗಡಿ ಹತ್ತಿರ ಸಿಕ್ಕಾಗ ಅವನು ನನಗೆ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: 'ಖಾಲಿ' ನಮ್ಮ ಅರಬ್ಬಿ ಪದ, ನಿಮ್ಮ ಭಾಷೆಯಲ್ಲಿ ಯಾರೂ ಹೇಳಿಕೊಡದೇ ನನಗೆ ಅರ್ಥವಾದ ಮೊದಲ ಮಾತು ಅದು. ತಿಂಗಳೊಳಗೆ ಖಾಲಿ ಮಾಡಿದ. ಈಗ ಇದೇ ಬೀದಿಯ ಹುಡುಗಿ ಅಂಕಾರಾದಲ್ಲಿ ಬಾಡಿಗೆ ಕೋಣೆ ಹುಡುಕಬೇಕು, ಅವಳ ಅಮ್ಮ ದಿನಾ ಸಂಜೆ ಬಂದು "ಅಲ್ಲಿ ಜನ ಹೇಗಂತೆ?" ಅಂತ ಕೇಳ್ತಾರೆ.

ಪದಕ್ಕಿಂತ ಸೋಜಿಗ ವ್ಯಾಕರಣದ್ದು. ತುರ್ಕಿಯಲ್ಲಿ 'ಎವ್' ಅಂದರೆ ಮನೆ. ಎವ್‌ಲೆರ್: ಮನೆಗಳು. ಎವ್‌ಲೆರ್‌ದೆ: ಮನೆಗಳಲ್ಲಿ. ಎವ್‌ದೆನ್: ಮನೆಯಿಂದ. ಎವೆ: ಮನೆಗೆ. ನಮ್ಮ ಹಾಗೇ ಬಾಲ ಅಂಟಿಸ್ತಾ ಹೋಗೋದು, ಕ್ರಿಯಾಪದ ಕೊನೆಗೆ ಇಡೋದು. 'ಗೆಲ್ದಿ' ಅಂದರೆ ಬಂದ, 'ಗೆಲ್ದಿ ಮಿ?' ಅಂದರೆ ಬಂದನಾ? ಅವನಾದರೂ ಅವಳಾದರೂ ಒಂದೇ, ಅವರಲ್ಲಿ ಲಿಂಗಭೇದವಿಲ್ಲ. ಇನ್ನು 'ಗೆಲ್‌ಮಿಷ್' ಅಂದರೆ ಬಂದನಂತೆ! ತಾನು ಕಂಡದ್ದಲ್ಲ, ಕೇಳಿದ್ದು ಅನ್ನೋದಕ್ಕೆ ನಮಗೆ 'ಅಂತೆ' ಇದ್ದ ಹಾಗೆ ಅವರಿಗೆ 'ಮಿಷ್'. ಇಂಗ್ಲಿಷಿನವರು ಇದನ್ನ ಕಲಿಯೋಕೆ ತಿಣುಕ್ತಾರೆ, ಅಂತೆಕಂತೆಯಲ್ಲೇ ಬೆಳೆದ ನಮಗೆ ಎರಡು ನಿಮಿಷ ಸಾಕು. 'ಎಂದು' ಅಂತ ನಾವು ಮಾತು ಜೋಡಿಸ್ತೀವಲ್ಲ, ಅವರೂ 'ಅನ್ನು' ಎಂಬರ್ಥದ ಧಾತುವಿನಿಂದಲೇ 'ದಿಯೆ' ಮಾಡಿಕೊಂಡಿದ್ದಾರೆ. ಟೀ ಗೀ, ಪುಸ್ತಕ ಗಿಸ್ತಕಕ್ಕೆ ಅವರದ್ದು 'ಚಾಯ್ ಮಾಯ್', 'ಕಿತಾಪ್ ಮಿತಾಪ್'. ಒಂದು ಸ್ವರ ಕನ್ನಡದವರಿಗೆ ಕೈಕೊಡುತ್ತೆ, ಉ-ಇ ನಡುವಿನ, ತುಟಿ ದುಂಡಗೆ ಮಾಡದ ಸ್ವರ. ಎದುರು ಮನೆ ತಮಿಳರು 'ಅದು' ಅನ್ನುವಾಗ ಕೊನೆಯಲ್ಲಿ ಬರುತ್ತಲ್ಲ, ಹತ್ತಿರ ಹತ್ತಿರ ಅದೇ. ತುಳುವರಿಗೂ ಕಷ್ಟವಿಲ್ಲ.

ಈ ಹೋಲಿಕೆ ನೋಡಿಯೇ ಬಿಷಪ್ ಕಾಲ್ಡ್‌ವೆಲ್ 1856ರ ತಮ್ಮ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ದ್ರಾವಿಡಕ್ಕೂ ತುರ್ಕಿ ಮೊದಲಾದವು ಸೇರಿದ 'ಸಿಥಿಯನ್' ಗುಂಪಿಗೂ ನಂಟು ಕಲ್ಪಿಸಿದರು. ಇವತ್ತು ಭಾಷಾವಿಜ್ಞಾನಿಗಳು ಅದನ್ನ ಒಪ್ಪಲ್ಲ, ದ್ರಾವಿಡ ಬೇರೆಯೇ ಕುಟುಂಬ ಅಂತಾರೆ. ಅದೇ ಸರಿ ಅನ್ಸುತ್ತೆ. ಇಬ್ಬರು ಒಂದೇ ಥರ ಪಂಚೆ ಉಟ್ಟ ಮಾತ್ರಕ್ಕೆ ಅಣ್ಣತಮ್ಮಂದಿರಾಗಲ್ಲ.

ಅಲ್ಲಿನ ರೀತಿ ರಿವಾಜೂ ನಮಗೆ ಹೊಸದಲ್ಲ. ಚಪ್ಪಲಿ ಬಾಗಿಲ ಹತ್ತಿರ ಬಿಡಬೇಕು. ದೊಡ್ಡವರ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಳ್ಳೋದು ಅವರ ನಮಸ್ಕಾರ. ಗುರುತಿಲ್ಲದವರನ್ನೂ ಆಬಿ (ಅಣ್ಣ), ಅಬ್ಲಾ (ಅಕ್ಕ), ಅಮ್ಜಾ (ಚಿಕ್ಕಪ್ಪ) ಅಂತ ಕರೀತಾರೆ. ಮನೆಗೆ ಹೋದರೆ 'ಹೋಶ್ ಗೆಲ್ದಿನಿಜ್' ಅಂತಾರೆ. ಹೋಶ್ ಅಂದರೆ ನಮ್ಮ ಖುಷಿಯೇ, ಖುಷಿಯಾಗಿ ಬಂದಿರಿ ಅಂತ. ಅದಕ್ಕೆ 'ಹೋಶ್ ಬುಲ್ದುಕ್', ಖುಷಿ ಕಂಡೆವು, ಅನ್ನಬೇಕು. ಊಟ ಆದ ಮೇಲೆ ಅಡುಗೆ ಮಾಡಿದವರ ಕೈಗೆ ಆರೋಗ್ಯ ಹಾರೈಸಬೇಕು. ಕೆಲಸ ಮಾಡ್ತಿರೋರನ್ನ ಕಂಡರೆ 'ಕೊಲಾಯ್ ಗೆಲ್ಸಿನ್', ಸುಲಭವಾಗಿ ಆಗಲಿ. ಇದು ನಮ್ಮಲ್ಲೂ ಇರಬೇಕಿತ್ತು, ಲಿಂಗರಾಜಪುರದ ಮೇಲ್ಸೇತುವೆ ಬುಡದಲ್ಲಿ ಬಿಸಿಲಲ್ಲಿ ನಿಂತ ಟ್ರಾಫಿಕ್ ಪೊಲೀಸರಿಗೆ ಹೇಳಬಹುದಿತ್ತು. ಇಲ್ಲ ಅನ್ನೋದಕ್ಕೆ ಅವರು ಹುಬ್ಬು ಮೇಲೆತ್ತಿ 'ಚ್' ಅಂತಾರೆ, ನಾವೂ ಲೊಚಗುಟ್ಟೋದುಂಟಲ್ಲ. ಆದರೆ ನಮ್ಮ ಹಾಗೆ ತಲೆ ಆಡಿಸಿದರೆ ಅವರಿಗೆ ಹೌದೋ ಅಲ್ಲವೋ ತಿಳಿಯಲ್ಲ! ಮಾಂಸ ತಿನ್ನದವರು 'ಎತ್‌ಸಿಜ್' (ಮಾಂಸವಿಲ್ಲದ್ದು) ಅಂತ ಕೇಳಿ ತಗೋಬೇಕು, ಬೇಳೆ ಸೂಪಿಗೂ ಕೆಲವೊಮ್ಮೆ ಮಾಂಸದ ನೀರು ಹಾಕಿರ್ತಾರೆ. ಉಪ್ಪು ಹಾಕಿದ ಮಜ್ಜಿಗೆ ಮಾತ್ರ ಎಲ್ಲೆಲ್ಲೂ ಸಿಗುತ್ತೆ, ಹೆಸರು 'ಆಯ್ರಾನ್'. ಇದು ಕೇಳಿದ ಮೇಲೆ ಅವಳಮ್ಮನಿಗೆ ಅರ್ಧ ಜೀವ ಬಂತು.

ಇಲ್ಲಿಂದ ಅಲ್ಲಿಗೆ ಹೋದವರಲ್ಲಿ ಇವಳೇ ಮೊದಲಲ್ಲ. 1786ರ ಮಾರ್ಚಿಯಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ಟಿಪ್ಪು ಸುಲ್ತಾನನ ರಾಯಭಾರಿಗಳು ಗುಲಾಂ ಅಲಿ ಖಾನನ ನೇತೃತ್ವದಲ್ಲಿ ನಾಲ್ಕು ಹಡಗಿನಲ್ಲಿ ಹೊರಟರು. ಪರಿವಾರ ಸೇರಿ ಸುಮಾರು ಒಂಬೈನೂರು ಜನ, ಜೊತೆಗೆ ನಾಲ್ಕು ಆನೆ. ಮೆಣಸು, ಏಲಕ್ಕಿ, ಗಂಧದ ಸರಕನ್ನ ದಾರಿಯಲ್ಲಿ ಮಾರಿ ಖರ್ಚು ತೂಗಿಸಬೇಕು. ಸುಲ್ತಾನ ಮೊದಲನೇ ಅಬ್ದುಲ್ ಹಮೀದನಿಂದ ಮಾನ್ಯತೆ, ಬ್ರಿಟಿಷರ ವಿರುದ್ಧ ಸಹಾಯ, ಬಂದೂಕು-ಗಾಜು-ಪಿಂಗಾಣಿ ಮಾಡುವ ಕುಶಲಿಗಳು ಬೇಕು. ಬಸ್ರಾ ಬಂದರು ಕೊಟ್ಟರೆ ಮಂಗಳೂರು ಕೊಡ್ತೀವಿ ಅನ್ನೋ ಪ್ರಸ್ತಾಪ ಬೇರೆ! ಮಸ್ಕತ್, ಬಸ್ರಾ ದಾಟಿ 1787ರಲ್ಲಿ ಇಸ್ತಾಂಬುಲ್ ತಲುಪಿದರು. ಆನೆಗಳು ಒಂದೂ ಉಳಿಯಲಿಲ್ಲ. ರೋಗಕ್ಕೆ, ಚಳಿಗೆ ಸಿಕ್ಕಿ ಜನರಲ್ಲೂ ಬಹಳ ಮಂದಿ ಮರಳಲಿಲ್ಲ. ಮರ್ಯಾದೆ ಸಿಕ್ಕಿತು, ಸೈನ್ಯ ಸಿಗಲಿಲ್ಲ. ಗುಮಾಸ್ತ ಖ್ವಾಜಾ ಅಬ್ದುಲ್ ಖಾದಿರ್ ಈ ಪ್ರಯಾಣದ ದಿನಚರಿಯನ್ನ ಪಾರಸಿಯಲ್ಲಿ ಬರೆದಿಟ್ಟ. ಹಡಗಿನ ಮೇಲಿದ್ದ ನಮ್ಮ ಕರಾವಳಿಯ ಖಲಾಸಿಗಳು, ಆನೆ ಮಾವುತರು ಏನು ಕಂಡರು, ಏನು ತುರ್ಕಿ ಕಲಿತರು ಅನ್ನೋದನ್ನ ಬರೆದುಕೊಳ್ಳೋರು ಇರಲಿಲ್ಲ.

ಮುಂದಿನ ದೊಡ್ಡ ಗುಂಪು ಹೋಗಿದ್ದು ಈಟಿ ಹಿಡಿದು. ಮೊದಲ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣವನ್ನ ತುರ್ಕರಿಂದ ಹಿಡಿದರು. ಅದು ಎಲ್ಲರಿಗೂ ಗೊತ್ತು. ಅಕ್ಟೋಬರ್ 26ರಂದು ಅಲೆಪ್ಪೊ ಹತ್ತಿರದ ಹರಿತಾನಿನಲ್ಲಿ ಇದೇ ಎರಡು ಪಡೆಗಳು ಮತ್ತೆ ತುರ್ಕರ ಮೇಲೆ ಕುದುರೆ ನುಗ್ಗಿಸಿದ್ದು ಅಷ್ಟು ಜನಕ್ಕೆ ಗೊತ್ತಿಲ್ಲ. ನಾಲ್ಕೇ ದಿನದಲ್ಲಿ, 30ಕ್ಕೆ, ಕದನವಿರಾಮ. ಆ ನಾಲ್ಕು ದಿನ ತಾಳಿದ್ದರೆ ಮೈಸೂರು ಸೀಮೆಯ ಕೆಲವರಾದರೂ ಊರಿಗೆ ಬರ್ತಿದ್ದರು. ಅವರ ಸ್ಮಾರಕ ಲಿಂಗರಾಜಪುರದಿಂದ ದೂರವಿಲ್ಲ, ಜೆ.ಸಿ. ನಗರದ ಮುನಿರೆಡ್ಡಿಪಾಳ್ಯದಲ್ಲಿದೆ.

ಹರಿತಾನಿನಲ್ಲಿ ನಮ್ಮವರ ಎದುರಿಗಿದ್ದ ತುರ್ಕಿ ಸೇನೆಯ ಮುಖಂಡ ಯಾರು ಗೊತ್ತಾ? ಮುಸ್ತಫಾ ಕೆಮಾಲ್, ಮುಂದೆ ಅತಾತುರ್ಕ್ ಆದವನು. ಹತ್ತು ವರ್ಷದ ಮೇಲೆ ಅವನೇ ಕೈಯಲ್ಲಿ ಸೀಮೆಸುಣ್ಣ ಹಿಡಿದು ಊರೂರಲ್ಲಿ ಕಪ್ಪುಹಲಗೆ ಮುಂದೆ ನಿಂತ. 1928ರ ನವೆಂಬರ್ 1ರ ಕಾನೂನಿನಿಂದ ತುರ್ಕಿಗೆ ಅರಬ್ಬಿ ಲಿಪಿ ಹೋಗಿ 29 ಅಕ್ಷರದ ಹೊಸ ಲ್ಯಾಟಿನ್ ಲಿಪಿ ಬಂತು. ಓದು ಕಲಿಯೋದು ಸುಲಭವಾಯ್ತು ನಿಜ, ಆದರೆ ಮೊಮ್ಮಕ್ಕಳಿಗೆ ಅಜ್ಜನ ಗೋರಿ ಮೇಲಿನ ಬರಹ ಓದೋಕೆ ಬರದ ಹಾಗಾಯ್ತು. (ನಮ್ಮ ಉತ್ತರ ಕರ್ನಾಟಕದವರಿಗೆ ಮನೆಯಲ್ಲೇ ಇರುವ ಮೋಡಿ ಲಿಪಿಯ ಜಮೀನು ಪತ್ರ ಓದೋಕೆ ಬರಲ್ಲವಲ್ಲ, ಹಾಗೆ.) 1932ರಲ್ಲಿ ಭಾಷಾ ಸಂಸ್ಥೆ ಹುಟ್ಟಿತು, ಅರಬ್ಬಿ-ಪಾರಸಿ ಪದ ಕಿತ್ತು ಹಾಕುವ ಕೆಲಸ ಶುರುವಾಯ್ತು. 'ಮೆಕ್ತೆಪ್' ಹೋಗಿ 'ಒಕುಲ್' ಬಂತು, ನಮ್ಮ 'ಸವಾಲು' ಅವರಲ್ಲಿ 'ಸುಆಲ್' ಆಗಿದ್ದದ್ದು ಈಗ 'ಸೋರು'. 'ಜೆವಾಪ್' ಇನ್ನೂ ಗಟ್ಟಿಯಾಗಿದೆ, ಪಕ್ಕದಲ್ಲಿ 'ಯಾನಿತ್' ಅಂತ ಒಂದು ಹೊಸದು ನಿಂತಿದೆ. ಅದಕ್ಕೇ ಅವಳಿಗೆ ಹೇಳಿದೆ, ಕನ್ನಡದಿಂದ ಊಹಿಸಿ ಆಡಿದ ಮಾತು ಸಹಪಾಠಿಗಳಿಗೆ ಹಳೇ ಕಾಲದ್ದು ಅನ್ನಿಸಬಹುದು, ಅವರ ಅಜ್ಜಿಯರ ಹತ್ತಿರ ಆಡಿ ನೋಡು, ಚೆನ್ನಾಗಿ ನಡೆಯುತ್ತೆ ಅಂತ.

ಪಟ್ಟಿ ಈಗ ನೂರ ಹದಿನೇಳಕ್ಕೆ ಬಂದಿದೆ. ನಿಮ್ಮ ಕಡೆ, ಅದರಲ್ಲೂ ಬೀದರ್, ಕಲಬುರಗಿ, ವಿಜಯಪುರದ ಕಡೆಯವರಿಗೆ, ಪಾಪಾಸಿನಂಥ ಹಳೇ ಪದಗಳು ನೆನಪಿದ್ದರೆ ಬರೆದು ತಿಳಿಸಿ. ಅವಳ ವಿಮಾನ ಬರುವ ತಿಂಗಳು ಹನ್ನೊಂದಕ್ಕೆ.